ಸೀಗೆಕಾಯಿ ಹಾಕಿ ತೊಳೆದ ಇಲಿ

ನಾನು ಹುಟ್ಟಿದ್ದು ಅರಕಲಗೂಡಿನ ಹೊರಗೆ, ಹೊಲದ ನಡುವೆ, ತೆಂಗಿನ ಗರಿ ಹೊದಿಸಿದ ಒಂದು ಗುಡಿಸಲಿನಲ್ಲಿ. ಊರೊಳಗೆ ನಮ್ಮಪ್ಪ ಕಟ್ಟಿಸಿದ ಹೆಂಚಿನ ಮನೆ ಬೀಗ ಹಾಕಿಕೊಂಡು ಖಾಲಿ ಬಿದ್ದಿತ್ತು. ಅದಕ್ಕೆ ಕಾರಣ ಒಂದು ಸತ್ತ ಇಲಿ. ಆ ಇಲಿಗೆ ಕಾರಣ ನಮ್ಮ ಬೀದಿಯ ಮಿಷನ್ ಚನ್ನಬಸವಯ್ಯ. ಚನ್ನಬಸವಯ್ಯ ಹಾಗೆ ಮಾಡಿದ್ದಕ್ಕೆ ಕಾರಣ ಅವನ ಹೊಟ್ಟೆ. ಆ ಹೊಟ್ಟೆಯ ಕಥೆಯನ್ನು ಊರಿನಲ್ಲಿ ಬೇರೆ ಯಾರೂ ಬರೆಯುವ ಹಾಗೆ ಕಾಣುವುದಿಲ್ಲ. ಬರೆಯುವಷ್ಟು ಗೊತ್ತಿರುವವಳೂ ಈಗ ನಾನೊಬ್ಬಳೇ.

ಎದುರಿಗೆ ಅವನನ್ನು 'ತಾತ, ನೀವು' ಎಂದೇ ಕರೆದವಳು ನಾನು. ಬರೆಯುವಾಗಲೂ ಬಹುವಚನ ಕೊಡೋಣವೆಂದೇ ಕೂತೆ. ಆದರೆ 'ಚನ್ನಬಸವಯ್ಯನವರು ಇಲಿಯ ಬಾಲ ಹಿಡಿದರು' ಎಂದು ಬರೆದು ನೋಡಿ, ಕೈ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಏಕವಚನ. ಅವನಿಗೆ ಬೇಜಾರಾಗಲಿಕ್ಕಿಲ್ಲ, ಆದರೂ ಈಗ ಮಾಡುವುದೇನೂ ಇಲ್ಲ.

ಮೊದಲಿಗೆ ಅವನು ಎಲ್ಲರ ಹಾಗಿದ್ದ ಮನುಷ್ಯ. ಒಂದಿಷ್ಟು ಹೊಲ, ಬೀದಿಯಲ್ಲೊಂದು ಕಾಳಿನ ಅಂಗಡಿ, ದುದ್ದದ ಕಡೆಯಿಂದ ಮದುವೆಯಾಗಿ ತಂದ ಹೆಂಡತಿ ರೇವಮ್ಮ. ಮಕ್ಕಳಿರಲಿಲ್ಲ. ಮೂವತ್ತನಾಲ್ಕನೇ ಇಸವಿಯಲ್ಲಿ ದಸರೆ ನೋಡಲು ಮೈಸೂರಿಗೆ ಹೋದವನು ಅಲ್ಲಿನ ವಸ್ತುಪ್ರದರ್ಶನದಲ್ಲಿ ಒಂದು ಕ್ರೂಡಾಯಿಲ್ ಇಂಜಿನ್ ನೋಡಿ ಮರುಳಾದ. ಆನೆಯೂ ಅಂಬಾರಿಯೂ ಅವನ ಕಣ್ಣಿಗೆ ಬೀಳಲೇ ಇಲ್ಲವಂತೆ. ಮರುವರ್ಷದ ಯುಗಾದಿಯ ಹೊತ್ತಿಗೆ ಅಂಥದೇ ಒಂದು ಇಂಜಿನ್ನು ರೈಲಿನಲ್ಲಿ ಹೊಳೆನರಸೀಪುರಕ್ಕೆ ಬಂತು. ಅಲ್ಲಿಂದ ನಾಲ್ಕು ಜೊತೆ ಎತ್ತು ಕಟ್ಟಿದ ಗಾಡಿಯ ಮೇಲೆ ಎರಡು ದಿನ ತೆವಳಿಕೊಂಡು ಅರಕಲಗೂಡು ಸೇರಿತು. ಮನೆಯ ಹಿತ್ತಿಲಲ್ಲಿ ಅಡುಗೆಮನೆಯ ಗೋಡೆಗೆ ಅಂಟಿಸಿ ಶೆಡ್ಡು ಕಟ್ಟಿದರು. ಒಂದು ಕಡೆ ಇಂಜಿನ್ನು, ಇನ್ನೊಂದು ಕಡೆ ಹಿಟ್ಟು ಬೀಸುವ ಕಲ್ಲು, ನಡುವೆ ಉದ್ದನೆಯ ಬೆಲ್ಟು, ಇದೆಲ್ಲ ಸೇರಿ ಊರವರ ಬಾಯಲ್ಲಿ 'ಮಿಷನ್' ಆಯಿತು.

ಅಲ್ಲಿಯವರೆಗೆ ನಮ್ಮೂರಿನ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರು. ಇಂಜಿನ್ ಬಂದ ಆರು ತಿಂಗಳಿಗೆ ಆ ಕಲ್ಲುಗಳೆಲ್ಲ ಮೂಲೆ ಸೇರಿದವು. ನಮ್ಮ ಮನೆಯದು ಬಚ್ಚಲಿನ ಮೆಟ್ಟಿಲಾಯಿತು. ಸುತ್ತಲ ಹಳ್ಳಿಗಳಿಂದ ರಾಗಿಯ ಕುಕ್ಕೆ ಹೊತ್ತ ಹೆಂಗಸರು ಬೆಳಗಿನಿಂದಲೇ ಸಾಲುಗಟ್ಟಿ ಕೂರುವುದು, 'ಚನ್ನಬಸವಯ್ಯ ನಮ್ಮ ರಟ್ಟೆ ಉಳಿಸ್ದ' ಎಂದು ಹೊಗಳುವುದು. ಈ ಹೊಗಳಿಕೆಯೇ ಅವನನ್ನು ಹಾಳು ಮಾಡಿತು ಎಂದು ನನ್ನ ಲೆಕ್ಕ. ತಾನು ಒಂದು ಗಳಿಗೆ ಕೂತರೆ ಅರಕಲಗೂಡು ತಾಲ್ಲೂಕು ಉಪವಾಸ ಬೀಳುತ್ತದೆ ಎಂದು ಅವನು ನಿಜವಾಗಿ ನಂಬಿಬಿಟ್ಟ.

ಇಂಜಿನ್ ನೋಡಿಕೊಳ್ಳಲು ಚಿಕ್ಕಯ್ಯ ಎಂಬ ಡ್ರೈವರು ಇದ್ದ. ಕೆಲಸ ಬಲ್ಲವನು. ಆದರೆ ಅವನ ಬೆನ್ನಿಗೆ ಮೂಗು ತಗಲುವಷ್ಟು ಹತ್ತಿರದಲ್ಲಿ ಚನ್ನಬಸವಯ್ಯ ದಿನವಿಡೀ ನಿಂತಿರುತ್ತಿದ್ದ. "ಇಂಜಿನ್ ಓಡ್ಸಕ್ಕೆ ನಾನು, ನನ್ನ ಓಡ್ಸಕ್ಕೆ ಅವ್ರು," ಎಂದು ಚಿಕ್ಕಯ್ಯ ಕಂಡವರಿಗೆಲ್ಲ ಹೇಳುತ್ತಿದ್ದ. ಪುಕ್ ಪುಕ್ ಎನ್ನುವ ಸದ್ದು ಒಂದು ಸಲ ತಡವಾದರೆ ಚನ್ನಬಸವಯ್ಯನ ಉಸಿರೂ ಅಲ್ಲೇ ನಿಲ್ಲುತ್ತಿತ್ತು. ಬೆಳಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದರೂ ಕಿವಿ ಮಾತ್ರ ಶೆಡ್ಡಿನಲ್ಲಿರುತ್ತಿತ್ತು. ಪೂಜೆಯ ನಡುವೆ "ಚಿಕ್ಕಯ್ಯಾ, ಎಣ್ಣೆ!" ಎಂದು ಕೂಗುವ ಭಕ್ತನನ್ನು ಶಿವನು ಇನ್ನೆಲ್ಲೂ ಕಂಡಿರಲಾರ.

ವರ್ಷದೊಳಗೆ ಅವನ ಮೈ ತಿರುಗಿಬಿತ್ತು. ಮೊದಲು ಹೆಗಲು ಮೇಲಕ್ಕೇರಿ ಕಿವಿಯ ಹತ್ತಿರ ಹೋಗಿ ನಿಂತವು, ಇಳಿಯಲೇ ಇಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದು ಶುರುವಾಯಿತು. ಆಮೇಲೆ ಹೊಟ್ಟೆ. ಉಂಡು ಒಂದು ತಾಸಿಗೆ ಎದೆಗುಂಡಿಯ ಕೆಳಗೆ ಉರಿ, ಹುಳಿತೇಗು. ಉಣ್ಣದಿದ್ದರೆ ಇನ್ನೂ ಉರಿ. ಒಂದು ಮುದ್ದೆ ಅರ್ಧ ಮುದ್ದೆಯಾಯಿತು, ಅರ್ಧ ಮುದ್ದೆ ನಿಂಬೆಗಾತ್ರವಾಯಿತು. ಊರಿಗೆಲ್ಲ ಹಿಟ್ಟು ಬೀಸಿಕೊಡುವವನಿಗೆ ತಾನು ಬೀಸಿದ್ದನ್ನು ತಿನ್ನುವ ಯೋಗವಿಲ್ಲದೆ ಹೋಯಿತು.

ಮದ್ದುಗಳಿಗೇನೂ ಕಡಿಮೆ ಇರಲಿಲ್ಲ. ಜೀರಿಗೆ ಕಷಾಯ ಕುಡಿದ. ಬೂದುಗುಂಬಳದ ರಸ ಕುಡಿದ. ಕೊರವಂಗಲದಲ್ಲಿ ಯಾರೋ ಹೊಟ್ಟೆಗೆ ಬರೆ ಹಾಕುತ್ತಾರೆಂದು ಕೇಳಿ ಹಾಸನದ ಆಚೆ ಅಷ್ಟು ದೂರ ಹೋಗಿ ಕಾದ ಅರಿಶಿನದ ಕೊಂಬಿನಲ್ಲಿ ಮೂರು ಬರೆ ಹಾಕಿಸಿಕೊಂಡು ಬಂದ. ಒಳಗಿನ ಉರಿಯ ಜೊತೆಗೆ ಹೊರಗೂ ಉರಿ ಸೇರಿಕೊಂಡಿತು. ಅಲ್ಲಿಂದ ಬಂದವನು ಅಂಗಿ ಬಿಚ್ಚಿ ಬರೆಗೆ ಬೆಣ್ಣೆ ಹಚ್ಚಿಸಿಕೊಳ್ಳಲಿಲ್ಲ, ಸೀದಾ ಶೆಡ್ಡಿಗೆ ಹೋಗಿ ಬೆಲ್ಟು ನೋಡಿದ.

ಮೂವತ್ತಾರರ ಪುಷ್ಯಮಾಸದಲ್ಲಿ ಪ್ಲೇಗು ಬಂತು. ನಿಜವಾದ ಪ್ಲೇಗು. ಮೊದಲ ಇಲಿ ಬಿದ್ದದ್ದು ಮಿಷನ್ ಮನೆಯಲ್ಲೇ, ರಾಗಿ ಇದ್ದಲ್ಲಿ ಇಲಿ ತಾನೆ. ಆ ಕಾಲದಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕು. ತೋಟಿ ಲಕ್ಕಯ್ಯ ತಮಟೆ ಬಡಿದು ಸಾರುತ್ತಾನೆ, ಜನ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆಯ ಹೊಲಗಳಿಗೆ ಹೋಗಿ ತಡಿಕೆ, ಗರಿ ಹಾಕಿ ಗುಡಿಸಲು ಕಟ್ಟುತ್ತಾರೆ, ಮನೆ ಬಾಗಿಲಿಗೆ ಮುಳ್ಳುಕೊಂಪೆ ಬೀಳುತ್ತದೆ. ಕೊನೆಯ ಇಲಿ ಬಿದ್ದು ಎಷ್ಟೋ ವಾರವಾದ ಮೇಲೆ, ಪಟೇಲ ರಂಗಸ್ವಾಮಿ ಒಳ್ಳೆಯ ದಿನ ನೋಡಿ ಹೇಳಿದ ಮೇಲೆಯೇ ಹಾಲುಕ್ಕಿಸಿ ಒಳಗೆ ಕಾಲಿಡುವುದು. ಹೀಗೆ ಮೂರು ತಿಂಗಳು ಮಿಷನ್ ನಿಂತಿತು.

ಮೊದಲ ವಾರ ಚನ್ನಬಸವಯ್ಯ ಗುಡಿಸಲಿನ ಮುಂದೆ ಕೂತು ಇಲ್ಲದ ಇಂಜಿನ್ನಿಗೆ ಕಿವಿ ಕೊಡುತ್ತಿದ್ದ. ಎರಡನೇ ವಾರ ಒಂದು ಬೆಳಗ್ಗೆ ಮುಖಕ್ಕೆ ಬಿಸಿಲು ಬೀಳುವವರೆಗೆ ಮಲಗಿದ. ಮೂರನೇ ವಾರ ಅವರೆಕಾಳಿನ ಸಾರಿನಲ್ಲಿ ಎರಡು ಮುದ್ದೆ ಉಂಡು, ನೆಲದಲ್ಲಿ ಮನೆ ಬರೆದು ಕವಡೆ ಹಾಕಿ ಚೌಕಾಬಾರ ಆಡಲು ಕೂತ. ತಿಂಗಳಾಗುವಷ್ಟರಲ್ಲಿ ಹೆಗಲು ಇಳಿದು, ಅವನಿಗೂ ಒಂದು ಕುತ್ತಿಗೆ ಇದೆಯೆಂದು ಊರಿಗೆ ಗೊತ್ತಾಯಿತು. ಉರಿಯಿಲ್ಲ, ತೇಗಿಲ್ಲ. ಆ ಸಲ ಊರಲ್ಲಿ ಐದು ಜನ ಕಂಕುಳಲ್ಲಿ ಗೆಡ್ಡೆ ಎದ್ದು ಸತ್ತರು. ಅದನ್ನು ಹಾಸ್ಯ ಮಾಡುವಷ್ಟು ಕೆಟ್ಟವಳಲ್ಲ ನಾನು. ಅವನಿಗೂ ನಾಚಿಕೆಯಾಗಿತ್ತಂತೆ. ಹೆಣ ಹೋಗುವಾಗ ತನ್ನ ತುಂಬಿದ ಕೆನ್ನೆ ಕಾಣದಿರಲೆಂದು ಟವಲು ಮುಚ್ಚಿಕೊಳ್ಳುತ್ತಿದ್ದನಂತೆ.

ಊರಿಗೆ ಮರಳಿ ಇಂಜಿನ್ ಚಾಲೂ ಆದ ಮೂರನೇ ದಿನಕ್ಕೆ ಹೊಟ್ಟೆ ಮತ್ತೆ ಹಿಡಿದುಕೊಂಡಿತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರೇವಮ್ಮ ಯಾವಾಗಲೂ ತಲೆಗೆ ಒಂದು ಬಟ್ಟೆ ಬಿಗಿದುಕೊಂಡಿರುತ್ತಿದ್ದಳು. ಮಿಷನ್ ಮನೆಯಲ್ಲಿ ಹಿಟ್ಟಿನ ಧೂಳು ಹಾರುತ್ತದಲ್ಲ, ಕೂದಲಿಗೆ ಅಂಟದಿರಲೆಂದು ಕಟ್ಟಿಕೊಳ್ಳುತ್ತಾಳೆ ಎಂದು ಗಂಡ ತಿಳಿದಿದ್ದ. ಬೀದಿಯವರೂ ಹಾಗೇ ತಿಳಿದಿದ್ದರು. ಕಾಯುತ್ತಾ ಕೂತ ಹೆಂಗಸರಿಗೆ ಮಜ್ಜಿಗೆ, ಚಿಕ್ಕಯ್ಯನಿಗೆ ಊಟ, ಗಂಡನಿಗೆ ತಾಸಿಗೊಂದು ಕಷಾಯ, ಇವೆಲ್ಲ ಆ ಬಟ್ಟೆ ಕಟ್ಟಿಕೊಂಡೇ ನಡೆಯುತ್ತಿದ್ದವು.

ಮೂವತ್ತೊಂಬತ್ತರ ಶಿವರಾತ್ರಿ ಕಳೆದ ಮೇಲೆ ಚನ್ನಬಸವಯ್ಯ ಹಾಸನದಲ್ಲಿ ಒಬ್ಬ ಇಂಗ್ಲಿಷ್ ಔಷಧದ ಡಾಕ್ಟರಿಗೆ ಹೊಟ್ಟೆ ತೋರಿಸಿದ. ಡಾಕ್ಟರು ಒತ್ತಿ ನೋಡಿದರು, ಬರೆಗಳನ್ನು ನೋಡಿ ಮುಖ ಕಿವಿಚಿದರು, ಏನು ಕೆಲಸ ಎಂದು ಕೇಳಿದರು. ಇವನು ಇಂಜಿನ್ನಿನ ವಿಚಾರ ಶುರು ಮಾಡಿದವನು ನಿಲ್ಲಿಸಲಿಲ್ಲ. ಹೇಳುತ್ತಾ ಹೇಳುತ್ತಾ ಅವನ ಹೆಗಲು ಮೇಲೇರುವುದನ್ನು ಡಾಕ್ಟರು ಸುಮ್ಮನೆ ನೋಡುತ್ತಾ ಕೂತರಂತೆ.

"ಹೊಟ್ಟೆಯೊಳಗೆ ಹುಣ್ಣಾಗಿದೆ. ನಿಮಗೆ ವಿಶ್ರಾಂತಿ ಬೇಕು," ಎಂದರು.

"ಆಗ್ಲಿ ಸಾ. ಅದು ಬಾಟ್ಲೀಲಿ ಬತ್ತದಾ, ಮಾತ್ರೇಲಾ?"

"ವಿಶ್ರಾಂತಿ ಅಂದರೆ ಸುಮ್ಮನಿರೋದು ಕಣಯ್ಯ! ಎರಡು ತಿಂಗಳು ಆ ಇಂಜಿನ್ ಹತ್ತಿರ ಹೋಗಬೇಡ. ಹೀಗೇ ಮಾಡ್ತಾ ಇದ್ದರೆ ಆ ಹುಣ್ಣು ತೂತು ಬೀಳತ್ತೆ. ತೂತು ಬಿದ್ದರೆ ನಿನ್ನನ್ನ ಇಲ್ಲಿಗೆ ತರೋ ಹೊತ್ತಿಗೆ ನನಗೆ ಕೆಲಸ ಇರಲ್ಲ."

ಚನ್ನಬಸವಯ್ಯ ಹೆದರಿದ. ಸಾಯಲು ಅವನಿಗೆ ಇಷ್ಟವಿರಲಿಲ್ಲ. ಆದರೆ ಸುಮ್ಮನಿರುವುದು ಹೇಗೆ? ನಮ್ಮೂರಿನಲ್ಲಿ ಸುಮ್ಮನೆ ಕೂರಲು ಒಂದು ಕಾರಣ ಬೇಕು. ಹಬ್ಬ ಬರಬೇಕು, ಸಾವು ಆಗಬೇಕು, ಗ್ರಹಣ ಹಿಡಿಯಬೇಕು. ಕೈಕಾಲು ಗಟ್ಟಿಯಿರುವ ಗಂಡಸು ಮಿಷನ್ನಿಗೆ ಬೀಗ ಹಾಕಿ ಜಗಲಿಯ ಮೇಲೆ ಕೂತರೆ ಜನ ಏನೆನ್ನುತ್ತಾರೆ? ಕುಕ್ಕೆ ಹೊತ್ತು ಬಂದ ಹೆಂಗಸರಿಗೆ 'ನಂಗೆ ಸುಮ್ನಿರಕ್ಕೆ ಏಳವ್ರೆ' ಎಂದು ಹೇಳುವುದುಂಟೆ? ಚಿಕ್ಕಯ್ಯನ ಕೈಗೆ ಇಂಜಿನ್ ಬಿಟ್ಟು ದೂರ ಹೋಗಬಹುದಿತ್ತು, ಆದರೆ ಅದು ಅವನ ತಲೆಗೆ ಬರಲೇ ಇಲ್ಲ. ಅವನ ತಲೆಗೆ ಬಂದದ್ದು ಪ್ಲೇಗು. ಅವನ ಹೊಟ್ಟೆ ವಾಸಿಯಾದದ್ದು ಒಮ್ಮೆ, ಆಗ ಇಡೀ ಊರು ಕೆಲಸ ನಿಲ್ಲಿಸಿತ್ತು. ಎಲ್ಲರೂ ಕೂತಾಗ ತಾನೂ ಕೂತರೆ ಯಾರೂ ಕೇಳುವುದಿಲ್ಲ. ಆದರೆ ಪ್ಲೇಗು ಮೂರು ವರ್ಷದಿಂದ ನಮ್ಮ ಊರನ್ನು ಮರೆತಿತ್ತು.

ಯುಗಾದಿ ಕಳೆದು ಒಂದು ಮಧ್ಯಾಹ್ನ, ಇಂಜಿನ್ ನಿಂತಿದ್ದ ಹೊತ್ತಿನಲ್ಲಿ, ಕ್ರೂಡಾಯಿಲ್ ಡಬ್ಬದೊಳಗೆ ಒಂದು ಹೆಗ್ಗಣದಂಥ ಇಲಿ ಬಿದ್ದು ಸತ್ತಿರುವುದು ಅವನಿಗೆ ಕಂಡಿತು. ಬಾಲ ಹಿಡಿದು ಎತ್ತಿದ. ಎಣ್ಣೆ ಸೋರುತ್ತಿತ್ತು, ನಾತ ಬರುತ್ತಿತ್ತು. ಆ ನಾತ ಊರಿನಲ್ಲಿ ಅವನ ಮನೆಯಲ್ಲಿ ಮಾತ್ರ ಇರುವಂಥದು. ಹೀಗೇ ಬೀದಿಗೆ ಹಾಕಿದರೆ ಯಾರ ಮನೆಯ ಇಲಿ, ಯಾತರಲ್ಲಿ ಬಿದ್ದು ಸತ್ತಿತು ಎಂದು ಚಿಕ್ಕ ಮಗುವೂ ಹೇಳುತ್ತದೆ. ಅವನು ಸುತ್ತ ನೋಡಿದ, ಬಚ್ಚಲಿನಿಂದ ಸೀಗೆಪುಡಿ ತಂದ, ಬಾವಿಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಇಲಿಗೆ ಸೀಗೆಪುಡಿ ಹಚ್ಚಿ ಎರಡು ಸಲ ತಿಕ್ಕಿ ತೊಳೆದ. ಒಂದು ಹಳೇ ಪಂಚೆಯಲ್ಲಿ ಒರೆಸಿ ಶೆಡ್ಡಿನ ಮೂಲೆಯಲ್ಲಿ ಬುಟ್ಟಿ ಕವುಚಿ ಇಟ್ಟ.

ಮಾರನೇ ಬೆಳಗ್ಗೆ ಎಲ್ಲರೂ ಚೊಂಬು ಹಿಡಿದು ಬಯಲಿಗೆ ಹೋಗುವ ಹೊತ್ತಿನಲ್ಲಿ ಅವನೂ ಚೊಂಬು ಹಿಡಿದು ಹೊರಟ. ಚೊಂಬು ಹಿಡಿದವನನ್ನು ನಿಲ್ಲಿಸಿ ಮಾತಾಡಿಸುವ ಪದ್ಧತಿ ನಮ್ಮಲ್ಲಿಲ್ಲ, ಒಳಗೇನಿದೆ ಎಂದು ಬಗ್ಗಿ ನೋಡುವ ಪದ್ಧತಿ ಮೊದಲೇ ಇಲ್ಲ. ಒಳಗೆ ನೀರಿರಲಿಲ್ಲ. ಚಾವಡಿಯ ಮೆಟ್ಟಿಲಿನ ಹತ್ತಿರ ಅವನ ಕಾಲು ಒಂದು ಗಳಿಗೆ ತಡೆಯಿತು, ಚೊಂಬು ವಾಲಿತು, ಅವನು ಮುಂದೆ ಹೋದ.

ಇಲಿಯನ್ನು ಕಂಡವನು ಲಕ್ಕಯ್ಯ. ಪಟೇಲ ರಂಗಸ್ವಾಮಿಯನ್ನು ಕರೆದುಕೊಂಡು ಬಂದ. ಜನ ಸೇರಿದರು. ಚನ್ನಬಸವಯ್ಯನೂ ಬಂದು ಹಿಂದೆ ನಿಂತುಕೊಂಡ.

"ಸಾ, ಈ ಇಲಿ ಗಮಗಮ ಅಂತದೆ," ಎಂದ ಲಕ್ಕಯ್ಯ, ಬಗ್ಗಿ ಮೂಸಿ. "ತಲೆಗ್ ಎಣ್ಣೆ ನೀರು ಆಕ್ಕಂಡ್ ಬಂದಂಗದೆ."

"ನಿಂಗ್ಯಾಕ್ಲಾ ಅದ್ರ ವಾಸ್ನೆ? ಸತ್ತೈತೋ ಇಲ್ವೋ ಅಷ್ಟ್ ಏಳು," ಎಂದು ಪಟೇಲ ಗದರಿದ.

"ಸತ್ತೈತೆ ಸಾ."

"ಮತ್ತಿನ್ನೇನು? ಒಡಿ ತಮಟೆ."

ಒಂದು ಇಲಿಗೆ ಊರು ಬಿಡುವುದೆಂದರೆ ಕೆಲವರಿಗೆ ಅನುಮಾನವಿತ್ತು. ಆದರೆ ಎಲ್ಲರೂ ಮನೆಗೆ ಹೋಗಿ ಅಟ್ಟ, ಕಣಜ, ಮಂಚದ ಕೆಳಗೆ ಹುಡುಕಿದರು. ಹುಡುಕಿದರೆ ಯಾವ ಮನೆಯಲ್ಲಿ ಸತ್ತ ಇಲಿ ಸಿಗುವುದಿಲ್ಲ? ಮಧ್ಯಾಹ್ನದ ಹೊತ್ತಿಗೆ ಚಾವಡಿಯ ಮುಂದೆ ಏಳು ಇಲಿಗಳಾದವು. ಅದರಲ್ಲಿ ಒಂದು ಹಪ್ಪಳದ ಹಾಗೆ ಒಣಗಿ ಎರಡು ವರ್ಷವಾಗಿತ್ತು. ಪ್ಲೇಗು ಬರುವ ಕಾಲವೂ ಅದಲ್ಲ, ಬಿಸಿಲು ಕಾಯುತ್ತಿತ್ತು. ಯಾರಿಗೂ ಆ ಯೋಚನೆ ಬೇಕಾಗಿರಲಿಲ್ಲ. ಸಂಜೆಯೊಳಗೆ ಗಾಡಿಗಳು ಹೊರಟವು. ಪಟೇಲನ ತಮ್ಮನ ಮಗಳ ಮದುವೆ ಮುಂದಕ್ಕೆ ಹೋಯಿತು, ನೇಯುವವರ ಮಗ್ಗ ನಿಂತಿತು, ತುಂಬಿದ ಬಸುರಿಯಾಗಿದ್ದ ನನ್ನ ತಾಯಿ ಗಂಗಾಂಬಿಕೆ ನಮ್ಮಪ್ಪನ ಗಾಡಿಯಲ್ಲಿ ಮೂಟೆಗಳ ನಡುವೆ ಮೂಟೆಯಾಗಿ ಕೂತು ಊರು ಬಿಟ್ಟಳು. ವಾರದ ಮೇಲೆ ಪ್ಲೇಗಿನ ಇನ್ಸ್‌ಪೆಕ್ಟರು ಬಂದು ರೋಗದ ಗುರುತು ಕಾಣುವುದಿಲ್ಲ ಎಂದರೂ ಜನ ಕೇಳಲಿಲ್ಲ. ಗುಡಿಸಲು ಕಟ್ಟಿಯಾಗಿತ್ತು, ಪಟೇಲ ಒಳ್ಳೆಯ ದಿನ ಹೇಳುವವರೆಗೆ ಒಳಗೆ ಹೋಗುವಂತಿರಲಿಲ್ಲ.

ಇಷ್ಟೆಲ್ಲ ಮಾಡಿದವನಿಗೆ ಸಿಗಬೇಕಾದದ್ದು ಸಿಕ್ಕಿತೇ? ಇಲ್ಲ. ಚನ್ನಬಸವಯ್ಯ ಗುಡಿಸಲಿನ ಮುಂದೆ ಚಾಪೆ ಹಾಸಿ ಮಲಗಿ, ಹೆಗಲು ಇಳಿಯಲೆಂದು ಕಾದ. ಅವು ಇಳಿಯಲಿಲ್ಲ. ಯಾರಾದರೂ 'ಇಲಿ' ಎಂದರೆ ಹೊಟ್ಟೆ ಚುರ್ರೆನ್ನುತ್ತಿತ್ತು. ಲಕ್ಕಯ್ಯ ದಾರಿಯಲ್ಲಿ ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದ. ಚೌಕಾಬಾರಕ್ಕೆ ಕರೆದರೆ ತನ್ನ ಸರದಿ ಮರೆತು ಊರಿನ ಕಡೆ ನೋಡುತ್ತಿದ್ದ. ಈಗಿನ ಡಾಕ್ಟರುಗಳು ಇದಕ್ಕೆ ದೊಡ್ಡ ಹೆಸರುಗಳನ್ನಿಟ್ಟಿದ್ದಾರೆ. ಮೈಗೆ ಇಂಜಿನ್ ಯಾವುದು, ಇಲಿ ಯಾವುದು ಗೊತ್ತಾಗುವುದಿಲ್ಲ; ತಲೆ ಹೆದರಿತೆಂದರೆ ಹೊಟ್ಟೆ ಹುಳಿ ಸುರಿಸುತ್ತದೆ. ಕದ್ದ ವಿಶ್ರಾಂತಿಯಲ್ಲಿ ಅವನು ಮಿಷನ್ ಮನೆಯಲ್ಲಿದ್ದುದಕ್ಕಿಂತ ಹೆಚ್ಚು ಸೊರಗಿದ. ನನಗೆ ಕೇಳಿದರೆ, ಚೆನ್ನಾಗಿ ಆಯಿತು.

ಹದಿನಾರನೇ ದಿನ ಮಧ್ಯಾಹ್ನ ನಮ್ಮಮ್ಮನಿಗೆ ನೋವು ಶುರುವಾಯಿತು. ಅದೇ ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಾಯಿತು. ಬೇಸಿಗೆಯ ಅಡ್ಡಮಳೆ, ಬಿರುಗಾಳಿ, ಆಲಿಕಲ್ಲು. ನಮ್ಮ ಗುಡಿಸಲಿನ ಮಾಡಿನ ಒಂದು ಪಕ್ಕ ಎದ್ದು ಹಾರಿತು. ನಮ್ಮಪ್ಪ ಸೂಲಗಿತ್ತಿಯನ್ನು ಕರೆತರಲು ಗುಡಿಸಲುಗಳ ಇನ್ನೊಂದು ತುದಿಗೆ ಓಡಿದ್ದ. ಒಳಗೆ ಅಮ್ಮನ ಜೊತೆ ಪಕ್ಕದ ಗುಡಿಸಲಿನ ರೇವಮ್ಮ ಒಬ್ಬಳೇ ಇದ್ದಳು. "ಯಾರಾದ್ರೂ ಬನ್ರಪ್ಪಾ, ಮಾಡು ಇಡ್ಕಳಿ!" ಎಂದು ಅವಳು ಕೂಗಿದಳು.

ಬಂದವನು ಚನ್ನಬಸವಯ್ಯ. ಹೊರಗೆ ನಿಂತು ಒಂದು ಕೈಯಲ್ಲಿ ತಡಿಕೆಯನ್ನೂ ಇನ್ನೊಂದು ಕೈಯಲ್ಲಿ ಮಾಡಿನ ಗಳುವನ್ನೂ ಹಿಡಿದುಕೊಂಡ. ಸೂಲಗಿತ್ತಿ ಬಂದಳು, ನಮ್ಮಪ್ಪ ಬಂದು ಇನ್ನೊಂದು ಪಕ್ಕ ಹಿಡಿದ. ಮೂರು ತಾಸು ಆಲಿಕಲ್ಲು, ಮಳೆ, ಒಳಗೆ ನಮ್ಮಮ್ಮನ ಕೂಗು. ಒಂದೊಂದು ಕೂಗಿಗೂ 'ನನ್ನ ದೆಸೆಯಿಂದ, ನನ್ನ ದೆಸೆಯಿಂದ' ಎಂದು ಅವನ ಬಾಯಿ ಗೊಣಗುತ್ತಿತ್ತಂತೆ. ಗಾಳಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನು ಹುಟ್ಟಿ ಅತ್ತ ಮೇಲೆ ಅವನು ಗಳು ಬಿಟ್ಟು ಕೆಸರಿನಲ್ಲಿ ಕೂತು ವಾಂತಿ ಮಾಡಿಕೊಂಡ. ಕಾಫಿಯ ಗಸಿಯ ಹಾಗೆ ಕಪ್ಪಾದ ರಕ್ತ ಬಂತು.

ರೇವಮ್ಮ ಅವನನ್ನು ಎತ್ತಿಕೊಂಡು ಹೋಗಿ ಮಲಗಿಸಿದಳು. ಡಾಕ್ಟರು ಹೇಳಿದ ತೂತು ಬಿದ್ದೇ ಹೋಯಿತೆಂದು ಅವನಿಗೆ ಅನಿಸಿತ್ತು. ಬೆಳಗಾದ ಮೇಲೆ, ತಣ್ಣನೆಯ ಹಾಲನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದ ಹೆಂಡತಿಯ ಕೈ ಹಿಡಿದುಕೊಂಡ.

"ಸಾಯಕ್ ಮುಂಚೆ ಒಂದ್ ಮಾತು ಏಳ್ಬೇಕು ಕಣೆ."

"ಸಾಯೋದ್ ಆಮೇಲ್ ನೋಡಣ. ಏಳಿ."

"ಆ ಇಲಿ... ಅದು ಪಿಳೇಗಿನ ಇಲಿ ಅಲ್ಲ. ನಾನೇ ತಂದು ಆಕಿದ್ದು."

"ಗೊತ್ತು."

ಅವನು ಹಾಲು ನುಂಗುವುದನ್ನು ಮರೆತ. ರೇವಮ್ಮ ಗಲ್ಲ ಒರೆಸಿ ಹೇಳಿದಳು: "ಮದ್ವೆ ಆಗಿ ಇಪ್ಪತ್ತು ವರ್ಸ ಆಯ್ತು. ಉಂಡ ತಟ್ಟೆ ಒಂದಿನ ತೊಳ್ದೋರಲ್ಲ ನೀವು. ಅವತ್ತು ಬಾವಿಕಟ್ಟೆ ಮೇಲೆ ಕೂತ್ಕಂಡು ಸೀಗೇಕಾಯಿ ಆಕಿ ಇಲಿ ತಿಕ್ತಿದ್ರಿ. ನಾನು ಇತ್ಲು ಬಾಗ್ಲಲ್ಲೇ ನಿಂತಿದ್ದೆ."

"ನೋಡ್ಬುಟ್ಟು ಸುಮ್ನೆ ಇದ್ದಾ? ತಡೀಬಾರ್ದಾಗಿತ್ತಾ?"

"ತಡೀಬೇಕಾಗಿತ್ತು. ಮನಸ್ ಬರ್ಲಿಲ್ಲ. ನಂಗೂ ಬೇಕಾಗಿತ್ತು."

"ಏನ್ ಬೇಕಾಗಿತ್ತು?"

"ಆ ಇಂಜಿನ್ ಬಂದಾಗಿಂದ ತಲೆ ನೋಯ್ತದೆ. ಅಡಿಗೆಮನೆ ಗೋಡೆ ಅದುರ್ದಂಗೆ ತಲೆ ಅದುರ್ತದೆ. ಆ ಪಿಳೇಗು ಬಂದ ವರ್ಸ ಮೂರು ತಿಂಗ್ಳು ನೋವೇ ಇರ್ಲಿಲ್ಲ. ನಿಮ್ಮ ಒಟ್ಟೆ ನೋವು ಊರಿಗೆಲ್ಲಾ ಗೊತ್ತು. ನನ್ನ ತಲೆ ನೋವು ಯಾರ್ಗ್ ಏಳ್ಳಿ?"

ಚನ್ನಬಸವಯ್ಯ ಅವಳ ತಲೆಯ ಬಟ್ಟೆಯನ್ನು ಆಗ ಮೊದಲ ಸಲ ನೋಡಿದ. "ಅದು... ಇಟ್ಟಿನ ಧೂಳಿಗಲ್ವಾ ಕಟ್ಕಳದು?"

"ಧೂಳಿಗೆ ಯಾರಾದ್ರೂ ಒದ್ದೆ ಬಟ್ಟೆ ಕಟ್ತಾರಾ?"

ಅವನು ಅತ್ತ. ತನ್ನ ಹೊಟ್ಟೆಗಾಗಿ ಮೂರು ನಾಲ್ಕು ವರ್ಷ ನರಳಿದವನು ಹೆಂಡತಿಯ ತಲೆಗಾಗಿ ಒಂದು ಬೆಳಗ್ಗೆ ಅತ್ತ. ಅವಳು ಅಳಲು ಬಿಟ್ಟು, ಆಮೇಲೆ ಬೈದಳು. ಇಬ್ಬರು ಕೂರುವುದಕ್ಕೆ ಊರನ್ನೆಲ್ಲ ಎಬ್ಬಿಸಬೇಕಾಗಿತ್ತೇ ಎಂದಳು. "ಸೋಮ್ವಾರ ಎತ್ತಿನ ಎಗಲಿಗೆ ನೊಗ ಇಡಲ್ಲ ನಾವು. ಬಸವಣ್ಣಂಗೆ ವಾರಕ್ಕೊಂದಿನ ಬಿಡುವು ಕೊಟ್ಟಿರೋ ಜನ, ನಮ್ಗೆ ನಾವು ಕೊಟ್ಕಳಕ್ಕೆ ಇಲಿ ಸಾಯ್ಬೇಕಾ? ಇನ್ಮೇಲೆ ಸೋಮ್ವಾರ ಮಿಷನ್ ಇಲ್ಲ. ಒಲೇನೂ ಒಂದೇ ಸಲ ಅಚ್ಚೋದು. ಪಾತ್ರೆ ನೀವು ತೊಳೀರಿ."

ಅವನು ಊರ ಮುಂದೆ ತಪ್ಪು ಒಪ್ಪಿಕೊಳ್ಳುತ್ತೇನೆಂದ. ರೇವಮ್ಮ ಬೇಡವೆಂದಳು, ಇವನು ಹೇಳಿ ಹಗುರಾಗುತ್ತಾನೆ, ಕೇಳಿದ ಊರು ಹೊಡೆದಾಡಿಕೊಳ್ಳುತ್ತದೆ ಎಂದು ಅವಳ ವಾದ. ನಾನಾಗಿದ್ದರೆ ಚಾವಡಿಯ ಮುಂದೆ ನಿಲ್ಲಿಸುತ್ತಿದ್ದೆ. ಆದರೆ ನಮ್ಮಮ್ಮನಿಗೆ ಹೇಳಲೇಬೇಕೆಂದು ಅವಳೇ ಅವನನ್ನು ಕಳಿಸಿದಳು. ಎದ್ದು ಓಡಾಡುವಂತಾದ ಮೇಲೆ ಅವನು ಬಾಣಂತಿಯ ಗುಡಿಸಲಿನ ಹೊರಗೆ ನಿಂತು, ತಡಿಕೆಗೆ ಮುಖ ಮಾಡಿ, ನಡೆದದ್ದೆಲ್ಲ ಹೇಳಿದ. ಅಮ್ಮ ಕೇಳಿದಳು. ಅವಳ ಕೈಗೆ ಏನಾದರೂ ಸಿಕ್ಕಿದ್ದರೆ ಎಸೆಯುತ್ತಿದ್ದಳಂತೆ, ಕೈಯಲ್ಲಿ ನಾನಿದ್ದೆ.

"ಈ ಕೂಸು ಮದ್ವೆಯಾಗಿ ಓಗೋಗಂಟ ನಮ್ಮನೆ ಇಟ್ಟು ನೀವು ಪುಕ್ಕಟೆ ಬೀಸ್ಬೇಕು," ಎಂದಳು ಕೊನೆಗೆ.

"ಬೀಸ್ತೀನಿ ಕಣವ್ವ."

"ಸೋಮ್ವಾರ ಬಿಟ್ಟು," ಎಂದು ಪಕ್ಕದ ಗುಡಿಸಲಿನಿಂದ ರೇವಮ್ಮನ ದನಿ ಬಂತು.

ಊರಿಗೆ ಮರಳಿದ ಮೇಲೆ ಮೊದಲ ಸೋಮವಾರ ಅವನ ಕೈಕಾಲು ನಿಲ್ಲಲಿಲ್ಲ. ಬೀಗ ಹಾಕಿದ ಶೆಡ್ಡನ್ನು ಏಳು ಸಲ ಸುತ್ತಿದನಂತೆ. ಎಂಟನೇ ಸಲಕ್ಕೆ ರೇವಮ್ಮ ಕೈ ಹಿಡಿದು ಹೊಲಕ್ಕೆ ಕರೆದುಕೊಂಡು ಹೋದಳು. ಗುಡಿಸಲನ್ನು ಅವಳು ಕೀಳಿಸಿರಲಿಲ್ಲ. ಜನ ಕಾರಣ ಕೇಳಿದಾಗ 'ಬಸವಣ್ಣನ ವಾರ' ಎಂದರೆ ಸಾಕಾಗುತ್ತಿತ್ತು, ಯಾರೂ ಎರಡನೇ ಮಾತಾಡಲಿಲ್ಲ. ಅಷ್ಟು ಸುಲಭದ ಕಾರಣ ನಾಲ್ಕು ವರ್ಷ ಕೊಟ್ಟಿಗೆಯಲ್ಲೇ ಕಟ್ಟಿತ್ತು. ಅಡುಗೆಮನೆಯನ್ನು ಮನೆಯ ಇನ್ನೊಂದು ಪಕ್ಕಕ್ಕೆ ಕಟ್ಟಿಸಿದ. ಚಿಕ್ಕಯ್ಯನಿಂದ ನಾಲ್ಕು ಮಾರು ದೂರ ನಿಲ್ಲಲು ಕಲಿತ. ಹೊಟ್ಟೆ ಪೂರ್ತಿ ವಾಸಿಯಾಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ಸುಗ್ಗಿಯ ಕಾಲದಲ್ಲಿ ಆಗಾಗ ಹಿಡಿದುಕೊಳ್ಳುತ್ತಿತ್ತು. ಆದರೆ ರಕ್ತ ಮತ್ತೆ ಬರಲಿಲ್ಲ. ಆಮೇಲೆ ಇಪ್ಪತ್ತಮೂರು ವರ್ಷ ಬದುಕಿ, ವಯಸ್ಸಾಗಿ ಸತ್ತ. ಇಲಿಯ ವಿಷಯವನ್ನು ರೇವಮ್ಮಜ್ಜಿ ನನಗೆ ಹೇಳಿದ್ದು ಅವನ ತಿಥಿ ಕಳೆದ ಮೇಲೆ. ಮೊದಲು ಕೆಂಡದಂಥ ಕೋಪ ಬಂತು. ಆಮೇಲೆ ನನಗೆ ನೆನಪಾದದ್ದು ಒಂದು ಸೋಮವಾರ.

ಅದು ನಲವತ್ತಾರನೇ ಇಸವಿ ಇರಬೇಕು, ನನಗೆ ಏಳು ವರ್ಷ. ಹೊಲದ ಗುಡಿಸಲಿನಲ್ಲಿ ಅವರಿಬ್ಬರ ಜೊತೆ ನನಗೂ ಊಟ. ಉಂಡಾದ ಮೇಲೆ ಅಜ್ಜಿ ಹೊಂಗೆಮರದ ಕೆಳಗೆ ಚಾಪೆಯ ಮೇಲೆ ಮಲಗಿದ್ದಳು. ತಲೆಯ ಮೇಲೆ ಬಟ್ಟೆ ಇರಲಿಲ್ಲ, ನರೆತ ಕೂದಲನ್ನು ಬಿಚ್ಚಿ ಹರಡಿಕೊಂಡಿದ್ದಳು. ತಾತ ಕಾಲುವೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೂದಿ ಹಾಕಿ ಮೂರು ತಟ್ಟೆ ತಿಕ್ಕುತ್ತಿದ್ದ. ನಮ್ಮ ಬೀದಿಯಲ್ಲಿ ಹಾಗೆ ಮಾಡುವ ಗಂಡಸನ್ನು ನಾನು ಕಂಡಿರಲಿಲ್ಲ.

"ತಾತ, ಗಂಡಸ್ರು ತಟ್ಟೆ ತೊಳೀತಾರಾ?" ಎಂದು ಕೇಳಿದೆ.

"ಯಾಕ್ ತೊಳೀಬಾರ್ದು ಇಲಿಮರಿ?" ಎಂದ ತಾತ. ನನ್ನನ್ನು ಅವನು ಯಾವಾಗಲೂ ಹಾಗೇ ಕರೆಯುತ್ತಿದ್ದ, ಮುದ್ದಿಗೆ ಎಂದುಕೊಂಡಿದ್ದೆ.

"ಏನೂಂದ್ರೆ, ಬೂದಿ ಸಾಕಾ?" ಎಂದು ಅಜ್ಜಿ ಕಣ್ಣು ತೆರೆಯದೆಯೇ ಕೇಳಿದಳು. "ಸೀಗೇಕಾಯಿ ಬೇಕಾ?"

ತಾತ ತಟ್ಟೆಯನ್ನು ಕೆಳಗಿಟ್ಟು ಅಜ್ಜಿಯ ಕಡೆ ತಿರುಗಿದ. ಆಮೇಲೆ ಹೆಗಲು ಕುಣಿಯುವಂತೆ ನಗತೊಡಗಿದ. ಅಜ್ಜಿಯೂ ಮಲಗಿದಲ್ಲೇ ನಕ್ಕಳು. ಏನೆಂದು ತಿಳಿಯದಿದ್ದರೂ ನಾನೂ ನಕ್ಕೆ.